ಟ್ರೇಲರು ಕೊಳ್ಳುವ ಮುನ್ನ: ಎಳೆಯುವ ಮಾತಿಗಿಂತ ನಿಲ್ಲಿಸುವ ಮಾತು ಮೊದಲು



ಬರುವ ಸೆಪ್ಟೆಂಬರಿನಲ್ಲಿ ಸೇರಲಿರುವ ನಮ್ಮ ಸಂಘದ ವಾರ್ಷಿಕ ಮಹಾಸಭೆಯ ಕಾರ್ಯಸೂಚಿಯಲ್ಲಿ ಟ್ರೇಲರು ಖರೀದಿಯ ವಿಷಯ ಸೇರಿದೆ. ಅಡಿಕೆ, ಕಾಫಿ, ಗೊಬ್ಬರಗಳ ಸಾಗಣೆಯ ಜೊತೆಗೆ, ತೋಟದ ಮನೆಯಲ್ಲಿ ಕೆಟ್ಟು ನಿಂತ ಸದಸ್ಯರ ಕಾರು, ಜೀಪು, ಟಿಲ್ಲರುಗಳನ್ನು ಪೇಟೆಯ ಗ್ಯಾರೇಜಿಗೆ ಮುಟ್ಟಿಸಲು ಅನುಕೂಲವಾಗುವ ಟ್ರೇಲರೊಂದು ಬೇಕೆಂಬುದು ಸದಸ್ಯರ ಬಹುದಿನದ ಬೇಡಿಕೆ. ಆಡಳಿತ ಮಂಡಳಿಯ ಮುಂದೆ ಮೂರು ದರಪಟ್ಟಿಗಳು ಬಂದಿವೆ. ಕಡಿಮೆ ದರದ್ದನ್ನೇ ಒಪ್ಪಬೇಕೆಂದು ಹಲವರ ಒತ್ತಾಯ. ಕಾರ್ಯದರ್ಶಿಯಾದ ನಾನು ಸಭೆಯಲ್ಲಿ ಲೆಕ್ಕ ಓದಬಹುದೇ ಹೊರತು ವಾದ ಮಾಡುವುದು ಉಚಿತವಲ್ಲ. ಆದುದರಿಂದ ಒಬ್ಬ ಬೆಳೆಗಾರನಾಗಿ ನನ್ನ ಸ್ವಂತ ಅಭಿಪ್ರಾಯವನ್ನು ಈ ಪತ್ರಿಕೆಯ ಮೂಲಕ ನಿಮ್ಮ ಮುಂದಿಡುತ್ತಿದ್ದೇನೆ. ಒಪ್ಪುವುದು, ಬಿಡುವುದು ನಿಮಗೆ ಸೇರಿದ್ದು.

ಮೊದಲಿಗೆ ಒಂದು ತಪ್ಪೊಪ್ಪಿಗೆ. 2020ರಲ್ಲಿ ನಮ್ಮ ಸಂಘ ಕೊಂಡ ಹಳೆಯ ಟ್ರೇಲರಿಗೆ ಸಹಿ ಹಾಕಿದವನು ನಾನೇ. ಬಯಲುಸೀಮೆಯಲ್ಲಿ ಕಬ್ಬು ಹೊತ್ತು ದಣಿದ ನಾಲ್ಕು ಚಕ್ರದ ಬಂಡಿ ಅದು. ಬೆಲೆ ಅಗ್ಗವಾಗಿತ್ತು, ತಳದ ತಗಡು ಗಟ್ಟಿಯಾಗಿತ್ತು, ಟೈರು ಪರವಾಗಿಲ್ಲ ಎನ್ನುವಂತಿತ್ತು. ಬ್ರೇಕು ಇದೆಯೇ ಎಂದು ನಾನು ಕೇಳಲಿಲ್ಲ. ಮಂಡಳಿಯಲ್ಲಿಯೂ ಯಾರೂ ಕೇಳಲಿಲ್ಲ. ಎಷ್ಟು ಟನ್ನು ಹೊರುತ್ತದೆ ಎಂದು ಮಾತ್ರ ಎಲ್ಲರೂ ಕೇಳಿದೆವು.

2023ರ ಮಳೆಗಾಲದಲ್ಲಿ ಸದಸ್ಯರೊಬ್ಬರ ಜೀಪು ಕೆಟ್ಟಿತು. ಅದನ್ನು ಟ್ರೇಲರಿಗೆ ಹತ್ತಿಸಿ ಕೊಪ್ಪಕ್ಕೆ ಹೊರಟದ್ದಾಯಿತು. ಹೇಗೂ ಹೋಗುವ ಗಾಡಿ ಎಂದು ಹಿಂಬದಿಗೆ ಹದಿನೈದು ಚೀಲ ಅಡಿಕೆಯನ್ನೂ ಹೇರಿದರು. ಇಳಿಜಾರಿನ ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ಚಾಲಕ ಬ್ರೇಕು ಒತ್ತಿದ. ಟ್ರ್ಯಾಕ್ಟರು ನಿಲ್ಲಲು ನೋಡಿತು, ಹಿಂದಿನ ಭಾರ ನಿಲ್ಲಲಿಲ್ಲ. ಟ್ರೇಲರು ಟ್ರ್ಯಾಕ್ಟರನ್ನು ಓರೆಯಾಗಿ ತಳ್ಳಿ ಚರಂಡಿಗೆ ಕೆಡವಿತು. ಜೀಪಿನ ಕಥೆ ಬಿಡಿ. ನಮ್ಮ ಚಾಲಕನ ಬಲಗಾಲು ಮಡ್‌ಗಾರ್ಡಿನ ಅಡಿಗೆ ಸಿಕ್ಕಿತು. ಜೀವ ಉಳಿಯಿತು, ಆದರೆ ಆ ಕಾಲಿನಿಂದ ಇನ್ನು ಪೆಡಲು ಒತ್ತಲಾಗದು. ಮೂವತ್ತನಾಲ್ಕು ವರ್ಷದ ಆ ಹುಡುಗ ಈಗ ನಮ್ಮ ಗೋದಾಮಿನ ತೂಕದ ಬಳಿ ಕುಳಿತು ಚೀಟಿ ಬರೆಯುತ್ತಾನೆ. ನಾನು ದಿನಕ್ಕೆ ನಾಲ್ಕು ಸಲ ಅವನ ಮುಂದೆ ಹಾದುಹೋಗಬೇಕು. ಅವನು ಈ ತನಕ ನನ್ನನ್ನು ಒಂದು ಮಾತೂ ಆಡಿಲ್ಲ. ಆದುದರಿಂದಲೇ ಈ ಲೇಖನ ಬರೆಯುವುದು ನನಗೆ ಅನಿವಾರ್ಯವಾಯಿತು.

ಅಪಘಾತವಾದ ಮೇಲೆ ಕೂತು ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿತ್ತು, ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯಂತಾಯಿತು. ಬರಿಯ ಟ್ರೇಲರಿನ ತೂಕ ಒಂದೂವರೆ ಟನ್ನು. ಜೀಪು 1,600 ಕಿಲೋದ ಆಸುಪಾಸು. ಹದಿನೈದು ಚೀಲ ಅಡಿಕೆ ಹೆಚ್ಚುಕಡಿಮೆ ಒಂದು ಟನ್ನು. ಒಟ್ಟು ನಾಲ್ಕು ಟನ್ನಿನ ಮೇಲೆ. ಹತ್ತು ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯುವ ರಸ್ತೆಯಲ್ಲಿ, ಗಾಡಿ ನಿಧಾನವಾಗಿ ಒಂದೇ ವೇಗದಲ್ಲಿ ಹೋಗುತ್ತಿದ್ದಾಗಲೂ, ಈ ಭಾರ ಟ್ರ್ಯಾಕ್ಟರನ್ನು 400 ಕಿಲೋದಷ್ಟು ಬಲದಿಂದ ಬೆನ್ನ ಹಿಂದೆ ನೂಕುತ್ತಲೇ ಇರುತ್ತದೆ. ಅವಸರದಲ್ಲಿ ನಿಲ್ಲಿಸಲು ಹೊರಟರೆ ಆ ನೂಕು ಇನ್ನೂ ಹೆಚ್ಚುತ್ತದೆ. ನಮ್ಮ ಕಡೆಯ ಸಾಧಾರಣ ಟ್ರ್ಯಾಕ್ಟರಿನ ತೂಕವೇ ಎರಡು ಟನ್ನು. ಅದಕ್ಕೆ ಬ್ರೇಕು ಇರುವುದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಎರಡು ಟನ್ನಿನ ಪ್ರಾಣಿಯ ಹಿಂಗಾಲುಗಳು, ಒದ್ದೆ ಜೇಡಿಮಣ್ಣಿನ ಮೇಲೆ, ತನ್ನ ತೂಕದ ಎರಡರಷ್ಟನ್ನು ತಡೆದು ನಿಲ್ಲಿಸಬೇಕೆಂದರೆ ಹೇಗೆ?

ನಮ್ಮ ತಂದೆಯವರ ಕಾಲದ ಎತ್ತಿನಗಾಡಿಗೂ ಇಳಿಜಾರಿನಲ್ಲಿ ಚಕ್ರಕ್ಕೆ ಒತ್ತಿ ಹಿಡಿಯುವ ಮರದ ಕಟ್ಟೆ ಇರುತ್ತಿತ್ತು. ಗಾಡಿಯವನು ಹಗ್ಗ ಬಿಗಿದರೆ ಎತ್ತಿನ ಕುತ್ತಿಗೆಯ ಮೇಲಿನ ಭಾರ ಹಗುರವಾಗುತ್ತಿತ್ತು. ಎತ್ತುಗಳ ಮೇಲೆ ನಮ್ಮ ಹಿರಿಯರಿಗಿದ್ದ ಕರುಣೆ, ಚಾಲಕರ ಮೇಲೆ ನಮಗೆ ಇಲ್ಲದೆ ಹೋಯಿತೇ?

ಕುಡಚಿಯಲ್ಲಿ ಕಂಡದ್ದು

ಧಾರವಾಡದ ಕೃಷಿ ಕಾಲೇಜಿನಲ್ಲಿ ನನ್ನ ಜೊತೆ ಓದಿದ ಗೆಳೆಯನೊಬ್ಬ ರಾಯಬಾಗ ತಾಲೂಕಿನ ಕುಡಚಿಯಲ್ಲಿ ಕಬ್ಬು ಬೆಳೆಯುತ್ತಾನೆ. ಟ್ರೇಲರುಗಳ ವಿಷಯದಲ್ಲಿ ಆ ಸೀಮೆಯವರಿಗಿಂತ ಹೆಚ್ಚು ಬಲ್ಲವರು ಯಾರು ಎಂದುಕೊಂಡು, ಕಳೆದ ಜನವರಿಯಲ್ಲಿ ಹುಬ್ಬಳ್ಳಿಯಲ್ಲಿ ರೈಲು ಹತ್ತಿ, ಬೆಳಗಾವಿ ದಾಟಿ, ಮಿರಜ ಮಾರ್ಗದ ಕುಡಚಿ ನಿಲ್ದಾಣದಲ್ಲಿ ಇಳಿದೆ. ಕಬ್ಬಿನ ಹಂಗಾಮು ಭರದಲ್ಲಿತ್ತು. ಕೃಷ್ಣೆಯ ಈಚೆ ದಂಡೆಯಲ್ಲಿ ಕುಡಚಿ, ಆಚೆಗೆ 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆಯ ಊರು ಉಗಾರ. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡ, ಎತ್ತ ಹೋದರೂ ಚಳಿಗಾಲದ ರಸ್ತೆಗಳಲ್ಲಿ ಒಂದು ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರುಗಳು, ಆಳೆತ್ತರಕ್ಕೂ ಮೀರಿ ಕಬ್ಬು, ಮೇಲಿನಿಂದ ಕಿವಿಗಡಚಿಕ್ಕುವ ಹಾಡು. ನೋಡಿ ನನಗೆ ದಿಗಿಲಾಯಿತು. ನಮ್ಮ ಒಂದು ಟ್ರೇಲರೇ ನಮ್ಮನ್ನು ಕೆಡವಿರುವಾಗ ಇವರು ಎರಡನ್ನು ಹೇಗೆ ಎಳೆಯುತ್ತಾರೆ?

ಗೆಳೆಯನನ್ನು ಕೇಳಿದೆ. ಅವನು ನಕ್ಕು, "ದೋಸ್ತ, ನಮ್ಮ ನೆಲ ಅಂಗೈಯಂಗ ಐತಿ. ಇಲ್ಲಿ ಎಳಿಯೂದು ದೊಡ್ಡ ಮಾತು. ನಿಮ್ಮ ಮಲೆನಾಡಾಗ ನಿಲ್ಲಸೂದು ದೊಡ್ಡ ಮಾತು. ನಮ್ಮ ಗಾಡಿ ಒಯ್ದು ನಿಮ್ಮ ಗುಡ್ಡಕ್ಕ ಹಚ್ಚಿದ್ರ ಅದು ನಮ್ಮ ಗಾಡಿ ತಪ್ಪಲ್ಲಪಾ, ನಿಮ್ಮ ತಪ್ಪು" ಎಂದ.

ನಾನು ಈ ಲೇಖನದಲ್ಲಿ ಹೇಳಬೇಕಾದದ್ದೆಲ್ಲ ಅವನ ಆ ಮಾತಿನಲ್ಲಿಯೇ ಇದೆ. ಆದಾಗ್ಯೂ ಅವರ ಕಡೆ ಎಲ್ಲವೂ ಸುಖವಾಗಿದೆ ಎಂದು ಭಾವಿಸಬೇಡಿ. ರಾತ್ರಿ ರಸ್ತೆ ಬದಿಗೆ ನಿಂತ, ಹಿಂದೆ ದೀಪವಿಲ್ಲದ ಟ್ರೇಲರಿಗೆ ಬೈಕು, ಕಾರುಗಳು ಬಂದು ಬಡಿಯುವುದು ಅಲ್ಲಿ ಪ್ರತಿ ಹಂಗಾಮಿನ ಗೋಳು. ಅದಕ್ಕಾಗಿಯೇ ಪೊಲೀಸರೂ ಕಾರ್ಖಾನೆಗಳವರೂ ಟ್ರೇಲರುಗಳ ಹಿಂದೆ ಬೆಳಕಿಗೆ ಹೊಳೆಯುವ ಪಟ್ಟಿ ಅಂಟಿಸುವ ಕಾರ್ಯಕ್ರಮ ನಡೆಸುತ್ತಾರೆ.

ಗೆಳೆಯ ಇನ್ನೊಂದು ಅನುಭವವನ್ನೂ ಹೇಳಿದ. ಅದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. 2019ರ ಆಗಸ್ಟಿನಲ್ಲಿ ಕೃಷ್ಣೆಗೆ ಮಹಾಪೂರ ಬಂದಾಗ ಕುಡಚಿ–ಉಗಾರ ಸೇತುವೆ ಮುಳುಗಿತು. ಜಮಖಂಡಿ–ಮಿರಜ ರಸ್ತೆಯ ಸಂಚಾರ ನಿಂತಿತು. ಅದೇ ತಿಂಗಳು ನಮ್ಮಲ್ಲಿ ಗುಡ್ಡಗಳು ಕುಸಿದು ಚಾರ್ಮಾಡಿ ಘಾಟಿ ಮುಚ್ಚಿದ್ದು ನಿಮಗೆಲ್ಲ ನೆನಪಿದೆ. ಗೆಳೆಯನ ತೋಟದ ಮನೆಯ ಅಂಗಳಕ್ಕೆ ರಾತ್ರೋರಾತ್ರಿ ನೀರು ಬಂತು. ಜನ, ದನ, ಧಾನ್ಯಗಳನ್ನು ಕಬ್ಬಿನ ಟ್ರೇಲರುಗಳಲ್ಲಿಯೇ ಎತ್ತರಕ್ಕೆ ಸಾಗಿಸಿದರು. ಕೊನೆಗೆ ಅವನ ಚಿಕ್ಕ ಕಾರು ಉಳಿಯಿತು. ಎಂಜಿನ್ನಿಗೆ ನೀರು ಹೊಕ್ಕಿತ್ತು. ಹಾಗೆ ನೀರು ಹೊಕ್ಕ ಎಂಜಿನ್ನನ್ನು ಚಾಲೂ ಮಾಡಲು ಹೋದರೆ ಒಳಗಿನ ರಾಡುಗಳೇ ಬಾಗುತ್ತವೆ. ಆದುದರಿಂದ ಕೀಲಿ ತಿರುಗಿಸದೆ ಟ್ರೇಲರಿಗೇ ಏರಿಸಬೇಕಾಯಿತು.

ಕಬ್ಬಿನ ಟ್ರೇಲರಿನ ತಳ ನೆಲದಿಂದ ನಾಲ್ಕು ಅಡಿಯ ಹತ್ತಿರ. ಎಂಟು ಅಡಿಯ ಹಲಗೆ ಇಟ್ಟರೆ ಏರು ಎರಡಕ್ಕೊಂದಾಗುತ್ತದೆ. ಒದ್ದೆ ಹಲಗೆಯ ಮೇಲೆ ಕಾರು ತಳ್ಳುವವರೇ ಕಾರಿನಡಿಗೆ ಸಿಕ್ಕಬೇಕಾದ ಇಳಿಜಾರು ಅದು. ಅವರು ಹಲಗೆಯ ಗೊಡವೆಗೇ ಹೋಗಲಿಲ್ಲ. ಹೊಲದ ಒಡ್ಡಿಗೆ ಟ್ರೇಲರಿನ ಹಿಂಭಾಗವನ್ನು ತಾಗುವಂತೆ ನಿಲ್ಲಿಸಿದರು. ಒಡ್ಡಿನ ತಲೆಯೂ ಟ್ರೇಲರಿನ ತಳವೂ ಸಮವಾಯಿತು. ನಾಲ್ಕು ಜನ ತಳ್ಳಿದರು, ಕಾರು ಒಳಗೆ ಬಂತು. ನಮ್ಮಲ್ಲಿ ಧರೆಗಳಿಗೆ ಬರವಿಲ್ಲ. ಗಟ್ಟಿಯಾದ ಧರೆಯೊಂದಿದ್ದರೆ ಈ ಉಪಾಯ ನಮಗೂ ಆಗುತ್ತದೆ ಎಂದು ನಾನು ಬರೆದಿಟ್ಟುಕೊಂಡೆ.

ಎಂತಹ ಟ್ರೇಲರು ಬೇಕು

ಮೊದಲು ಒಂದು ಪ್ರಶ್ನೆ ಏಳುತ್ತದೆ. ಕೆಟ್ಟ ಕಾರನ್ನು ಟ್ರೇಲರಿಗೇಕೆ ಹತ್ತಿಸಬೇಕು, ಹಗ್ಗ ಕಟ್ಟಿ ಎಳೆದರೆ ಸಾಲದೇ? ಸಮತಟ್ಟಾದ ನೆಲದಲ್ಲಿ ನೂರು ಗಜ ಎಳೆಯುವುದಾದರೆ ಸಾಕು. ಘಟ್ಟದಲ್ಲಿ ಸಲ್ಲದು. ಈಚಿನ ಕಾರುಗಳಲ್ಲಿ ಎಂಜಿನ್ನು ನಿಂತೊಡನೆ ಬ್ರೇಕಿಗೂ ಸ್ಟಿಯರಿಂಗಿಗೂ ಎಂಜಿನ್ನಿನಿಂದ ದೊರೆಯುವ ಸಹಾಯ ನಿಂತುಹೋಗುತ್ತದೆ. ಪೆಡಲು ಕಲ್ಲಿನಂತಾಗುತ್ತದೆ, ಚಕ್ರ ತಿರುಗಿಸಲು ಇಬ್ಬರ ಬಲ ಬೇಕಾಗುತ್ತದೆ. ಇಳಿಜಾರಿನಲ್ಲಿ ಹಿಂದಿನ ಕಾರು ಮುಂದಿನ ಗಾಡಿಗೆ ಗುದ್ದುತ್ತದೆ. ಆದುದರಿಂದ ಟ್ರೇಲರಿನ ಬೇಡಿಕೆ ನ್ಯಾಯವಾದದ್ದೇ.

ಟ್ರೇಲರುಗಳಲ್ಲಿ ಸ್ಥೂಲವಾಗಿ ಮೂರು ಬಗೆ. ಒಂದನೆಯದು ಎರಡು ಚಕ್ರದ್ದು. ಇದರ ಭಾರದ ಒಂದು ಪಾಲು ಟ್ರ್ಯಾಕ್ಟರಿನ ಹುಕ್ಕಿನ ಮೇಲೆ ಕೂರುತ್ತದೆ. ಅದರಿಂದ ಟ್ರ್ಯಾಕ್ಟರಿನ ಹಿಂಚಕ್ರಗಳು ನೆಲವನ್ನು ಚೆನ್ನಾಗಿ ಕಚ್ಚುತ್ತವೆ. ತೋಟದ ಇಕ್ಕಟ್ಟಿನಲ್ಲಿ ಹಿಂದಕ್ಕೆ ತೆಗೆಯುವುದೂ ಸುಲಭ. ಎರಡನೆಯದು ನಾಲ್ಕು ಚಕ್ರದ್ದು. ಮುಂದಿನ ಅಚ್ಚು ತಿರುಗಣಿಯ ಮೇಲೆ ತಿರುಗುತ್ತದೆ. ಕುಡಚಿಯ ಕಡೆ ನಾನು ಹೆಚ್ಚಾಗಿ ಕಂಡದ್ದು ಇದನ್ನೇ. ಭಾರವನ್ನೆಲ್ಲ ತಾನೇ ಹೊರುತ್ತದೆ, ಟ್ರ್ಯಾಕ್ಟರಿಗೆ ಎಳೆಯುವುದಷ್ಟೇ ಕೆಲಸ. ಬಯಲಿಗೆ ಇದು ಹೇಳಿ ಮಾಡಿಸಿದ್ದು. ಆದರೆ ಇಳಿಜಾರಿನಲ್ಲಿ ಹಿಂದಿನಿಂದ ನೂಕು ಬಿದ್ದಾಗ ತಿರುಗಣಿ ಓರೆಯಾಗಿ ಮಡಚಿಕೊಳ್ಳುತ್ತದೆ. ನಮ್ಮನ್ನು ಕೆಡವಿದ್ದು ಇದೇ. ಇದನ್ನು ಹಿಂದಕ್ಕೆ ತೆಗೆಯುವುದಂತೂ ನುರಿತವನಿಗೂ ಪರೀಕ್ಷೆ. ಮೂರನೆಯದರಲ್ಲಿ ಎರಡು ಅಚ್ಚುಗಳು ಒಂದರ ಹಿಂದೊಂದು ಹತ್ತಿರ ಹತ್ತಿರವಾಗಿ ನಡುಭಾಗದಲ್ಲಿ ಇರುತ್ತವೆ. ಕಾರು ಸಾಗಿಸಲೆಂದೇ ಮಾಡುವ ಟ್ರೇಲರುಗಳು ಬಹುಮಟ್ಟಿಗೆ ಈ ಬಗೆಯವು. ಹೊಯ್ದಾಟ ಕಡಿಮೆ, ಒಂದು ಟೈರು ಒಡೆದರೂ ಮಗುಚುವುದಿಲ್ಲ. ಕಡಿದಾದ ತಿರುವಿನಲ್ಲಿ ಟೈರು ಉಜ್ಜಿ ಸವೆಯುವುದು ಇದರ ದೋಷ.

ನಮ್ಮ ಕೆಲಸಕ್ಕೆ ಮೂರನೆಯದೇ ಆಗಬೇಕೆಂಬುದು ನನ್ನ ನಮ್ರ ಅಭಿಪ್ರಾಯ. ಅಳತೆಯನ್ನು ಹೀಗೆ ಯೋಚಿಸಬಹುದು. 2006ರ ಕೇಂದ್ರ ಮುಂಗಡಪತ್ರದಲ್ಲಿ ನಾಲ್ಕು ಮೀಟರಿನೊಳಗಿನ ಚಿಕ್ಕ ಕಾರುಗಳಿಗೆ ಸುಂಕ ಇಳಿಸಿದಂದಿನಿಂದ ನಮ್ಮ ದೇಶದ ಬಹುಪಾಲು ಕುಟುಂಬಗಳ ಕಾರು ಆ ಅಳತೆಯೊಳಗೇ ಇದೆ. ಹದಿನಾಲ್ಕು ಅಡಿ ಉದ್ದ, ಆರೂವರೆ ಅಡಿ ಅಗಲದ ತಳ ಸಾಕು. ಚಕ್ರಗಳು ತಳದ ಅಡಿಯಲ್ಲಿರದೆ ಪಕ್ಕಕ್ಕೆ ಬಂದರೆ ತಳವನ್ನು ಎರಡಡಿ ಎತ್ತರಕ್ಕೆ ಇಳಿಸಬಹುದು. ಒಟ್ಟು ಅಗಲ ಎಂಟಡಿಯೊಳಗೆ ನಿಲ್ಲುತ್ತದೆ. ಎರಡಡಿ ಎತ್ತರಕ್ಕೆ ಎಂಟಡಿಯ ಕಬ್ಬಿಣದ ಹತ್ತುಹಲಗೆ ಇಟ್ಟರೆ ಏರು ನಾಲ್ಕಕ್ಕೊಂದು. ಕೈಯಿಂದ ತಿರುಗಿಸುವ ವಿಂಚು ಒಂದಿದ್ದರೆ ಇಬ್ಬರೇ ಕಾರು ಹತ್ತಿಸಬಹುದು. ತಳ ಕೆಳಗಿದ್ದಷ್ಟೂ ಮಗುಚುವ ಭಯ ಕಡಿಮೆ. ಗೊಬ್ಬರದ ಚೀಲ ಎತ್ತುವ ಆಳುಗಳ ಬೆನ್ನಿಗೂ ಅದು ಉಪಕಾರ. ಕಲ್ಲು ತೇಲಿದ ತೋಟದ ದಾರಿಯಲ್ಲಿ ತಳ ತಾಗುತ್ತದಲ್ಲ ಎಂದು ಕೆಲವರು ಕೇಳಿದ್ದಾರೆ. ನಿಜ, ತಾಗುತ್ತದೆ. ಅಂತಹ ಕಡೆಗೆ ಈ ಟ್ರೇಲರು ಹೋಗಬಾರದು. ಮನೆಯಂಗಳದವರೆಗೆ ಜೀಪು ಬರುವ ದಾರಿ ಇದ್ದಲ್ಲಿಗೆ ಮಾತ್ರ ಹೋಗಲಿ. ಒಂದೇ ಗಾಡಿ ಎಲ್ಲ ಕೆಲಸಕ್ಕೂ ಒದಗಬೇಕೆಂಬ ಆಸೆಯಿಂದಲೇ ನಾವು ಹಿಂದೆ ಕೆಟ್ಟೆವು.

ಇಷ್ಟೆಲ್ಲ ಹೇಳಿದ ಮೇಲೂ ತಳ, ಅಚ್ಚು, ಹಲಗೆಗಳು ಎರಡನೆಯ ಮಾತು. ಮೊದಲನೆಯ ಮಾತು ಬ್ರೇಕು.

ಬ್ರೇಕಿನಲ್ಲಿಯೂ ಬಗೆಗಳಿವೆ. ಒಂದರಲ್ಲಿ ಟ್ರೇಲರು ಮುಂದಕ್ಕೆ ನೂಕಿದಾಗ ಆ ನೂಕೇ ಎಳೆಗಂಬದ ಮೂಲಕ ಅದರ ಬ್ರೇಕನ್ನು ಒತ್ತುತ್ತದೆ. ಸರಳವಾದದ್ದು, ಅಗ್ಗವಾದದ್ದು; ಆದರೆ ಮೈಲಿಗಟ್ಟಲೆ ಇಳಿಯುವ ಘಾಟಿಯಲ್ಲಿ ನೂಕು ನಿಲ್ಲುವುದೇ ಇಲ್ಲವಾದ್ದರಿಂದ ಬ್ರೇಕು ಸದಾ ಉಜ್ಜುತ್ತ ಕಾಯುತ್ತದೆ. ಇನ್ನೊಂದರಲ್ಲಿ ಟ್ರ್ಯಾಕ್ಟರಿನ ಪೆಡಲಿನಿಂದಲೇ ಎಣ್ಣೆಯ ಅಥವಾ ಗಾಳಿಯ ಒತ್ತಡ ಕೊಳವೆಯ ಮೂಲಕ ಟ್ರೇಲರಿನ ಚಕ್ರಗಳಿಗೆ ಹೋಗುತ್ತದೆ. ಚಾಲಕ ಒತ್ತಿದರೆ ಎರಡೂ ಗಾಡಿ ಒಟ್ಟಿಗೆ ನಿಲ್ಲುತ್ತವೆ. ದುಬಾರಿಯಾದರೂ ನಮ್ಮ ಊರಿಗೆ ಇದೇ ಸರಿ. ಇದರ ಜೊತೆಗೆ ನಿಂತಾಗ ಹಿಡಿದಿಡುವ ಕೈಬ್ರೇಕು, ಹುಕ್ಕು ಕಳಚಿದರೆ ಹಿಡಿದುಕೊಳ್ಳುವ ಸರಪಳಿ ಇರಲೇಬೇಕು. ಬ್ರಿಟನ್ನಿನಲ್ಲಿ ಭಾರ ಸೇರಿ 750 ಕಿಲೋ ಮೀರುವ ಟ್ರೇಲರಿಗೆ ಬ್ರೇಕು ಕಡ್ಡಾಯ. ನಮ್ಮ ಹಳೆಯ ಟ್ರೇಲರು ಬರಿದಾಗಿದ್ದಾಗಲೇ ಅದರ ಎರಡರಷ್ಟು ತೂಗುತ್ತಿತ್ತು ಎಂಬುದನ್ನು ಸದಸ್ಯರು ಗಮನಿಸಬೇಕು.

ಹತ್ತಿಸುವ ಕ್ರಮ

ಒಳ್ಳೆಯ ಟ್ರೇಲರು ಬಂದರೂ ಹೇರುವ ಕ್ರಮ ತಪ್ಪಿದರೆ ಫಲವಿಲ್ಲ. ಕಾರು ಹಿಂದಿನಿಂದ ಹತ್ತುವಾಗ ಅದರ ಭಾರವೆಲ್ಲ ಮೊದಲು ಟ್ರೇಲರಿನ ಬಾಲದ ಮೇಲೆ ಬೀಳುತ್ತದೆ. ಮುಂಭಾಗ ಎದ್ದು ಟ್ರ್ಯಾಕ್ಟರಿನ ಹಿಂಬದಿಯನ್ನೇ ಎತ್ತಲು ನೋಡುತ್ತದೆ. ಆದುದರಿಂದ ಬಾಲದ ಕೆಳಗೆ ಎರಡು ಊರುಗಾಲು ಕೊಟ್ಟು, ಚಕ್ರಗಳಿಗೆ ಕಲ್ಲಿನ ಬದಲು ಸರಿಯಾದ ಮರದ ಅಡ್ಡೆ ಇಟ್ಟು, ಅನಂತರ ಹತ್ತಿಸಬೇಕು. ಕಾರಿನ ಎಂಜಿನ್ನು ಇರುವ ಬದಿ ಮುಂದಕ್ಕಿರಬೇಕು. ಕಾರನ್ನು ನಿಲ್ಲಿಸಿದ ಮೇಲೆ ಒಟ್ಟು ಭಾರದ ಹತ್ತರಲ್ಲೊಂದು ಪಾಲು, ಹೆಚ್ಚೆಂದರೆ ಇನ್ನೂ ಸ್ವಲ್ಪ, ಹುಕ್ಕಿನ ಮೇಲೆ ಕೂರುವಂತೆ ಇರಬೇಕು. ಭಾರ ಹಿಂದಕ್ಕಾದರೆ ಟ್ರ್ಯಾಕ್ಟರಿನ ಹಿಂಚಕ್ರ ಹಗುರವಾಗುತ್ತದೆ. ಬ್ರೇಕು ಇರುವುದು ಆ ಚಕ್ರಗಳಿಗೇ ಎಂಬುದನ್ನು ಮರೆಯಬಾರದು. ಕಾರಿನ ಮೈಗೆ ಹಗ್ಗ ಬಿಗಿಯದೆ, ನಾಲ್ಕೂ ಚಕ್ರಗಳನ್ನು ಬೇರೆ ಬೇರೆ ಪಟ್ಟಿಗಳಿಂದ ತಳಕ್ಕೆ ಬಿಗಿಯಬೇಕು. ಕಾರನ್ನು ಗೇರಿನಲ್ಲಿಟ್ಟು ಕೈಬ್ರೇಕು ಹಾಕಬೇಕು. ಅದರ ಜೊತೆ ಒಂದು ಚೀಲ ಅಡಿಕೆಯನ್ನೂ ಹೇರಬಾರದು.

ಚಾಲಕರಿಗೆ ಎರಡು ಮಾತು. ಟ್ರ್ಯಾಕ್ಟರಿನ ಎಡ, ಬಲ ಬ್ರೇಕು ಪೆಡಲುಗಳನ್ನು ಗದ್ದೆಯಲ್ಲಿ ಬೇರೆಯಾಗಿಟ್ಟಿರುತ್ತೇವೆ. ರಸ್ತೆಗೆ ಬರುವ ಮುನ್ನ ಅವೆರಡನ್ನೂ ಜೋಡಿಸುವ ಕೊಂಡಿಯನ್ನು ಹಾಕಲೇಬೇಕು. ಒಂದು ಪೆಡಲು ಮಾತ್ರ ಒತ್ತಿದರೆ ಗಾಡಿ ಅತ್ತ ತಿರುಗಿ ಬೀಳುತ್ತದೆ. ಇಳಿಜಾರು ಬರುವ ಮೊದಲೇ ಕೆಳಗಿನ ಗೇರಿಗೆ ಬರಬೇಕು; ಡೀಸೆಲು ಉಳಿಸುವ ನೆಪದಲ್ಲಿ ನ್ಯೂಟ್ರಲ್ಲಿಗೆ ಹಾಕಿ ಇಳಿಸುವುದು ಜೀವವನ್ನು ಅಡವಿಟ್ಟಂತೆ.

ಕಾಗದಪತ್ರದ ವಿಷಯ

ನಮ್ಮ ಅಪಘಾತದ ನಂತರ ವಿಮೆಯವರು ಕೇಳಿದ ಮೊದಲ ಪ್ರಶ್ನೆ, ಟ್ರೇಲರಿನ ನೋಂದಣಿ ಪತ್ರ ಎಲ್ಲಿ ಎಂದು. ಟ್ರ್ಯಾಕ್ಟರಿನದನ್ನು ಕೊಟ್ಟೆ. ಟ್ರೇಲರಿನದು ಇರಲಿಲ್ಲ. ಆಸ್ಪತ್ರೆಯ ಖರ್ಚನ್ನೂ ಜೀಪಿನ ನಷ್ಟವನ್ನೂ ಸಂಘವೇ ಭರಿಸಬೇಕಾಯಿತು. ಅದು ಆ ವರ್ಷದ ಲಾಭಾಂಶದಲ್ಲಿ ನಿಮಗೆಲ್ಲ ಕಂಡಿದೆ. ತಪ್ಪು ವಿಮೆಯವರದಲ್ಲ, ನನ್ನದು.

1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಲ್ಲಿ ಟ್ರೇಲರೂ ಒಂದು ಮೋಟಾರು ವಾಹನವೇ. ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು, ವಿಮೆಯಲ್ಲಿ ಅದರ ಹೆಸರು ಬೇರೆಯಾಗಿ ಬರಬೇಕು. ವಾಹನ ತಯಾರಿಸುವವರು ಅದರ ಮಾದರಿಯನ್ನು ಪರೀಕ್ಷಾ ಸಂಸ್ಥೆಗೆ ಒಪ್ಪಿಸಿ ಅನುಮೋದನೆ ಪಡೆಯಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಆದುದರಿಂದ ಊರಿನ ವೆಲ್ಡಿಂಗ್ ಶಾಪಿನಲ್ಲಿಯೇ ಮಾಡಿಸಿಬಿಡೋಣ ಎನ್ನುವವರು ಮೊದಲು ಆರ್.ಟಿ.ಓ. ಕಛೇರಿಯಲ್ಲಿ ವಿಚಾರಿಸಿ ಬರುವುದು ಕ್ಷೇಮ. ನಮ್ಮ ವೆಲ್ಡರುಗಳ ಕೈಗುಣದ ಬಗ್ಗೆ ನನಗೆ ಗೌರವವಿದೆ; ಆದರೆ ಚೆನ್ನಾಗಿ ಬೆಸೆದ ಕಬ್ಬಿಣಕ್ಕೆ ಕಾಗದವಿಲ್ಲದಿದ್ದರೆ ರಸ್ತೆಯಲ್ಲಿ ಅದಕ್ಕೆ ಬೆಲೆಯಿಲ್ಲ. ಅನುಮೋದನೆ ಪಡೆದ ತಯಾರಕರಿಂದ ನಮಗೆ ಬೇಕಾದ ಅಳತೆಯದನ್ನು ಕೇಳಿ ಮಾಡಿಸುವುದೇ ಸರಿಯಾದ ಮಾರ್ಗ.

ಇನ್ನೊಂದು ಸೂಕ್ಷ್ಮವಿದೆ. ಕೃಷಿಯ ಹೆಸರಿನಲ್ಲಿ ನೋಂದಣಿಯಾದ ಟ್ರೇಲರಿನಲ್ಲಿ ಬಾಡಿಗೆ ಪಡೆದು ಕಾರು ಸಾಗಿಸಿದರೆ ಅದು ಕೃಷಿ ಕೆಲಸ ಎನಿಸದು. ಅನಾಹುತವಾದರೆ ವಿಮೆ ಕೈಕೊಡುತ್ತದೆ. ಸಂಘ ಸದಸ್ಯರಿಂದ ಬಾಡಿಗೆ ಪಡೆಯುವುದಾದರೆ ಆರಂಭದಲ್ಲಿಯೇ ಸಾರಿಗೆ ವರ್ಗದಲ್ಲಿ ನೋಂದಣಿ ಮಾಡಿಸಿ, ತಕ್ಕ ತೆರಿಗೆ, ವಿಮೆ ಕಟ್ಟುವುದು ಲೇಸು. ಚಾಲಕನ ವಿಷಯದಲ್ಲಿ ಗಾಬರಿ ಬೇಡ. ಟ್ರೇಲರು ಜೋಡಿಸಿದ ಮಾತ್ರಕ್ಕೆ ಟ್ರ್ಯಾಕ್ಟರು ನಡೆಸುವ ಲೈಸೆನ್ಸು ನಿರರ್ಥಕವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2001ರಲ್ಲಿಯೇ ಹೇಳಿದೆ. ಆದರೆ ಅತಿಭಾರಕ್ಕೆ ಮಾತ್ರ 2019ರ ಸೆಪ್ಟೆಂಬರಿನಿಂದ ದಂಡ ರೂ. 20,000, ಅದರ ಮೇಲೆ ಹೆಚ್ಚುವರಿ ಟನ್ನೊಂದಕ್ಕೆ ರೂ. 2,000.

ಕೊಯ್ಲಿನ ದಿನಗಳಲ್ಲಿ ಆಳುಗಳನ್ನು ಟ್ರೇಲರಿನಲ್ಲಿ ಕೂರಿಸುವ ರೂಢಿಯನ್ನೂ ಈ ಸಂದರ್ಭದಲ್ಲಿಯೇ ಕೈಬಿಡೋಣ. 2022ರ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದ ಕಾನ್ಪುರದ ಬಳಿ ಯಾತ್ರಿಕರನ್ನು ಹೊತ್ತ ಟ್ರ್ಯಾಕ್ಟರಿನ ಟ್ರೇಲರು ಕೆರೆಗೆ ಮಗುಚಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹೆಂಗಸರು, ಮಕ್ಕಳೇ ಹೆಚ್ಚು. ಟ್ರೇಲರು ಸರಕಿಗೆ, ಮನುಷ್ಯರಿಗಲ್ಲ.

ಆಕ್ಷೇಪಣೆಗಳಿಗೆ ಉತ್ತರ

ಹಿರಿಯ ಸದಸ್ಯರೊಬ್ಬರು, "ಮೂವತ್ತು ವರ್ಷದಿಂದ ಬ್ರೇಕಿಲ್ಲದ ಟ್ರೇಲರಿನಲ್ಲಿಯೇ ಗೊಬ್ಬರ ಹೊಡೆದಿದ್ದೇವೆ, ಏನಾಗಿದೆ ಮಾರಾಯರೆ?" ಎಂದು ಕೇಳಿದರು. ಅವರು ಹೇಳುವುದು ನಿಜ. ತೋಟದೊಳಗೆ, ಅರ್ಧ ಟನ್ನು ಸೊಪ್ಪು ಹೇರಿಕೊಂಡು, ನಡೆಯುವ ವೇಗದಲ್ಲಿ ಹೋಗುವ ಗಾಡಿಗೆ ಏನೂ ಆಗದು. ನಾವು ಈಗ ಮಾತಾಡುತ್ತಿರುವುದು ಡಾಂಬರು ರಸ್ತೆಯಲ್ಲಿ, ಬಸ್ಸು ಲಾರಿಗಳ ನಡುವೆ, ಒಂದೂವರೆ ಟನ್ನಿನ ವಾಹನವನ್ನು ಹೊತ್ತು ಘಾಟಿ ಇಳಿಯುವ ಗಾಡಿಯ ವಿಷಯ.

ಪೇಟೆಯಿಂದ ಕಾರು ಎತ್ತುವ ಗಾಡಿ ಕರೆಸಬಹುದಲ್ಲ, ಸಂಘಕ್ಕೇಕೆ ಈ ಉಸಾಬರಿ ಎಂದು ಇನ್ನು ಕೆಲವರು ಕೇಳಿದ್ದಾರೆ. ಟಾರು ರಸ್ತೆಯ ಅಂಚಿನಲ್ಲಿ ಮನೆಯಿದ್ದವರಿಗೆ ಅದೇ ಒಳ್ಳೆಯದು. ಅವರು ಹಾಗೆಯೇ ಮಾಡಲಿ. ಆದರೆ ಮಳೆಗಾಲದಲ್ಲಿ ಫೋನು ಸಿಗದ, ಆ ದೊಡ್ಡ ಗಾಡಿ ತಿರುಗಲಾಗದ ಒಳದಾರಿಯಲ್ಲಿರುವ ಎರಡೆಕರೆಯ ಬೆಳೆಗಾರ ಏನು ಮಾಡಬೇಕು? ಅವನೊಬ್ಬನಿಗೆ ಟ್ರೇಲರು ಕೊಳ್ಳುವ ಶಕ್ತಿಯೂ ಇಲ್ಲ, ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚು ಅದರ ಅಗತ್ಯವೂ ಇಲ್ಲ. ಒಬ್ಬನಿಗೆ ಭಾರವಾದದ್ದನ್ನು ಹಲವರು ಸೇರಿ ಹೊರುವುದಕ್ಕಲ್ಲವೇ ಸಹಕಾರ ಸಂಘ ಇರುವುದು?

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ಮಾತೂ ಬಂದಿದೆ. ಒಪ್ಪಿದೆ. ಅತಿ ಕಡಿಮೆಯ ದರಪಟ್ಟಿಗೂ ಬ್ರೇಕು ಸಹಿತವಾದ ದರಪಟ್ಟಿಗೂ ಇರುವ ವ್ಯತ್ಯಾಸವನ್ನು ನಮ್ಮ ಸದಸ್ಯರ ಸಂಖ್ಯೆಯಿಂದ ಭಾಗಿಸಿ ನೋಡಿದೆ. ತಲೆಗೆ ಒಂದು ಕಿಲೋ ಒಣ ಅಡಿಕೆಯ ಬೆಲೆಯೂ ಬೀಳುವುದಿಲ್ಲ. ಅಷ್ಟೂ ಹಣ ಈಗ ಇಲ್ಲವೆಂದಾದರೆ ಒಂದು ವರ್ಷ ಕಾಯೋಣ. ಬ್ರೇಕಿಲ್ಲದ ಟ್ರೇಲರು ಕೊಳ್ಳುವುದಕ್ಕಿಂತ ಟ್ರೇಲರೇ ಇಲ್ಲದಿರುವುದು ಮೇಲು.

ಆದುದರಿಂದ ಮಹಾಸಭೆಯಲ್ಲಿ ಠರಾವು ಹೀಗಿರಲೆಂದು ನನ್ನ ಸೂಚನೆ: ನಡುವೆ ಜೋಡಿ ಅಚ್ಚಿನ, ತಗ್ಗು ತಳದ, ಟ್ರ್ಯಾಕ್ಟರಿನ ಪೆಡಲಿಗೆ ಜೋಡಿಸಿದ ಬ್ರೇಕುಳ್ಳ, ಹಿಂದೆ ದೀಪ ಮತ್ತು ಹೊಳೆಯುವ ಪಟ್ಟಿಯುಳ್ಳ ಟ್ರೇಲರನ್ನೇ ಕೊಳ್ಳತಕ್ಕದ್ದು, ನೋಂದಣಿ, ವಿಮೆಗಳು ಕೈಗೆ ಬರುವವರೆಗೆ ಅದು ಸಂಘದ ಅಂಗಳ ಬಿಟ್ಟು ಹೊರಡತಕ್ಕದ್ದಲ್ಲ, ಹೇರುವ ಮಿತಿಯನ್ನು ಅದರ ಪಕ್ಕಕ್ಕೆ ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಸತಕ್ಕದ್ದು, ಮಿತಿ ಮೀರಿದಾಗ 'ಆಗುವುದಿಲ್ಲ' ಎಂದು ಹೇಳುವ ಹಕ್ಕು ಚಾಲಕನಿಗೆ ಇರತಕ್ಕದ್ದು, ಎದುರಿಗೆ ನಿಂತವರು ಅಧ್ಯಕ್ಷರಾದರೂ ಸರಿ, ಕಾರ್ಯದರ್ಶಿಯಾದರೂ ಸರಿ.

ಕೊನೆಯ ಅಂಶವನ್ನು ಸೇರಿಸಬೇಕೆಂದು ಹೇಳಿದವನು ನಾನಲ್ಲ. ದರಪಟ್ಟಿಗಳನ್ನು ಗೋದಾಮಿನಲ್ಲಿ ನಮ್ಮ ಹಳೆಯ ಚಾಲಕನ ಮುಂದಿಟ್ಟು, ನೀನೇನು ಹೇಳುತ್ತೀಯಪ್ಪ ಎಂದು ಕೇಳಿದೆ. ಅವನು ಮೂರನ್ನೂ ಓದಿ, ಬೆಲೆಯ ಕಡೆ ನೋಡದೆ, "ಆ ದಿನ ಚೀಲ ಹೇರಬೇಡಿ ಅಂತ ಅಂದಿದ್ದೆ ಸಾರ್. ಯಾರೂ ಕೇಳಲಿಲ್ಲ" ಎಂದ. ಎರಡು ವರ್ಷಗಳ ಮೇಲೆ ಅವನು ಆ ವಿಷಯ ಎತ್ತಿದ್ದು ಅದೇ ಮೊದಲು. ಸದಸ್ಯರು ಸಭೆಗೆ ಬರುವಾಗ ದರಪಟ್ಟಿಯ ಜೊತೆಗೆ ಈ ಮಾತನ್ನೂ ನೆನಪಿಟ್ಟುಕೊಂಡು ಬರಬೇಕೆಂದು ಬಿನ್ನಹ.

— ಕಾರ್ಯದರ್ಶಿ